ಡಾಮನ್ ಕರುಳು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಒಬ್ಬರ ತಟ್ಟೆಯನ್ನು ಒಬ್ಬರು ನೋಡುತ್ತಾರೆ. ಬೇರೆ ಮನೆಗಳಲ್ಲಿ ಯಾರಿಗೆ ದೊಡ್ಡ ತುಂಡು ಬಿತ್ತು ಎಂದು ನೋಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ, ಯಾರು ಸಾಯುವ ಊಟ ಮಾಡುತ್ತಿದ್ದಾರೆ ಎಂದು ನೋಡುವುದು.

ಆ ಭಾನುವಾರ ಚರ್ಚಿನಿಂದ ಬಂದವಳೇ ನಾನು ಕುರಿಯ ಬಾಲದ ಕೊಬ್ಬು ಕರಿದಿದ್ದೆ. ಹೊರಗೆ ಬಿಸಿ ಮೂಡಗಾಳಿ ಬಿಡದೆ ಬೀಸುತ್ತಿತ್ತು, ಮರಳು ಕಿಟಕಿಯ ಸಂದಿಯಿಂದ ಮೇಜಿನ ತನಕ ಬರುತ್ತಿತ್ತು, ಎಲ್ಲರಿಗೂ ಮೈ ಪರಚಿಕೊಳ್ಳುವಂತಾಗಿತ್ತು. ನಾನು ಬಾಣಲೆ ತಂದಿಡುವಷ್ಟರಲ್ಲಿ ಅತ್ತಿಗೆ ಮಗ್ರೀತಾ ಅದರ ಮೇಲೆ ಮುಚ್ಚಳ ಬಡಿದಳು.

"ಹೆಸ್ಟರ್, ಆ ಬಾಣಲೇನ ನನ್ನ ಮಗನ ಹತ್ರ ತರಬೇಡ. ನಿಮ್ಮ ಡಾಮನ್ ಮನೆತನದ ಕರುಳಿಗೆ ಅದು ರುಚಿ ಇರಬಹುದು. ಅವನಿಗೆ ಬೇಡ."

"ಅವನೂ ಡಾಮನ್ನೇ ಅಲ್ವಾ ಅತ್ತಿಗೆ? ಅವನನ್ನೇನು ಚರ್ಚಿನ ಮೆಟ್ಟಿಲ ಮೇಲಿಂದ ಎತ್ಕೊಂಡು ಬಂದ್ಯಾ?"

ಅವಳ ಮಗ ಇಸಾಕ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅವನ ಹೆಂಡತಿ ರೋಲೀನ್ ಫೋನಿನಿಂದ ತಲೆ ಎತ್ತಲಿಲ್ಲ.

"ಕೆಂಪು ಮಾಂಸ ಆದಷ್ಟೂ ಕಡಿಮೆ ಮಾಡ್ಬೇಕಂತೆ. ಸಾಸೇಜು ಮುಟ್ಟಲೇಬಾರದಂತೆ. ಸೊಪ್ಪು, ಹುರುಳಿಕಾಯಿ, ಕಾಳು ಜಾಸ್ತಿ ತಿನ್ಬೇಕಂತೆ."

"ಸೊಪ್ಪು ತಿನ್ನೋಕೆ ನಾನೇನು ಮೇಕೇನಾ?" ಅಂದ ಇಸಾಕ್.

"ಮೇಕೆ ಹೇಳಿದ ಮಾತಾದ್ರೂ ಕೇಳುತ್ತೆ," ಅಂದಳು ರೋಲೀನ್.

ಅತ್ತಿಗೆ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮಗನ ತಟ್ಟೆಗೆ ಹಿಂದಿನ ದಿನದ ಜೋಳದ ಮುದ್ದೆ ಮುರಿದು ಹಾಕಿ, ಮೇಲೆ ಹುಳಿಹಾಲು ಸುರಿದಳು. ಬಿಸಿ ಮುದ್ದೆ ಅವಳಿಗೆ ಆಗದು. ಅವಳ ತವರು ಬ್ಯೂಕಸ್ ಮನೆಯಲ್ಲಿ ಎಲ್ಲರೂ ತಂಗಳು ಮುದ್ದೆ, ಹುಳಿಹಾಲು, ಒಣಮೀನು ತಿಂದು ಬೆಳೆದವರಂತೆ, ಅದಕ್ಕೇ ಅವರ ಹೊಟ್ಟೆ ಅಷ್ಟು ಶುದ್ಧವಂತೆ. ಇದನ್ನು ಅವಳು ಊಟಕ್ಕೊಮ್ಮೆ ಹೇಳುತ್ತಾಳೆ.

ಅವಳು ನನ್ನ ಅಣ್ಣ ಅಬ್ರಾಮನ ಹೆಂಡತಿ. ನನ್ನ ಗಂಡ ಹೋದ ಮೇಲೆ ನಾನು ಅಣ್ಣನ ಮನೆಗೆ ಬಂದೆ. ಆಮೇಲೆ ಅಣ್ಣನೂ ಹೋದ. ಇಬ್ಬರು ವಿಧವೆಯರು ಒಂದೇ ಅಡುಗೆಮನೆಯಲ್ಲಿ ಉಳಿದೆವು. ಅಣ್ಣ ತಾಮ್ರದ ಗಣಿಯಲ್ಲಿ ದುಡಿದವನು, ಕುಡಿತವೂ ಇತ್ತು, ಕೊನೆಗೆ ಹೊಟ್ಟೆ ಊದಿಕೊಂಡು ಸತ್ತ. ಕೆಲವು ವರ್ಷಕ್ಕೆ ಅವನ ಹಿರಿ ಮಗ ಯಾನಿ, ಇನ್ನೂ ಒಂದು ಕೂದಲು ನರೆಯದವನು, ಕರುಳಿನ ಕ್ಯಾನ್ಸರ್ ಆಗಿ ಹೋದ. ಅಪ್ಪನಿಗೂ ಹೊಟ್ಟೆ, ಮಗನಿಗೂ ಹೊಟ್ಟೆ, ಊರಿಗೆ ಅಷ್ಟೇ ಸಾಕಾಯಿತು. ಡಾಮನ್ ಕರುಳು ಎಂದು ಹೆಸರಿಟ್ಟರು. ಯಾನಿಯನ್ನು ಹೂಳುವ ದಿನ ಗುಂಡಿಯ ಪಕ್ಕದಲ್ಲೇ ಅತ್ತಿಗೆ ನನ್ನ ಕಡೆ ತಿರುಗಿ, "ನಿಮ್ಮ ಮನೆಯವರು ಕೊಟ್ಟ ಉಡುಗೊರೆ ನೋಡು," ಎಂದಿದ್ದಳು. ಪಾದ್ರಿಗೂ ಕೇಳಿಸಿತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನಮ್ಮ ಈ ಬರಡು ನಾಮಾಕ್ವಾಲ್ಯಾಂಡ್ ಸೀಮೆಯ ಜನರಿಗೆ ರೋಗವೂ ಮನೆತನದ ಹೆಸರು ಹಿಡಿದೇ ಹೋಗುತ್ತದೆ. ಡಾಮನ್ ಎಂದರೆ ಹೆಣ್ಣು ಕೊಡುವವರು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಬೇರೆ ಹೆಸರಿನವರು ಗೊರಕೆ ಹೊಡೆದು ಮಲಗುತ್ತಿದ್ದರು. ಯಾನಿ ಹೋದ ಮೇಲೆ ಡಾಕ್ಟರುಗಳು ರಕ್ತ ತೆಗೆದು ನೋಡಿ, ಇಸಾಕನಲ್ಲೂ ಅದೇ ಜೀನಿನ ದೋಷ ಇದೆ ಎಂದರು. ಅಂದಿನಿಂದ ವರ್ಷಕ್ಕೊಮ್ಮೆ ಕೇಪ್‌ಟೌನಿನ ತಂಡ ಪೇಟೆಯ ಆಸ್ಪತ್ರೆಗೆ ಬಂದಾಗ ಅವನು ಕರುಳಿಗೆ ಕ್ಯಾಮೆರಾ ಇರುವ ಪೈಪು ಹಾಕಿಸಿಕೊಂಡು ಬರುತ್ತಾನೆ. ಹಿಂದಿನ ದಿನ ಊಟ ಬಿಟ್ಟು, ಜಗ್ಗುಗಟ್ಟಲೆ ಭೇದಿ ಉಪ್ಪಿನ ನೀರು ಕುಡಿದು ಹೊಟ್ಟೆ ತೊಳೆದುಕೊಳ್ಳಬೇಕು. ಆ ದಿನಕ್ಕೆ ನಾವು ತೊಳೆಯೋ ದಿನ ಅನ್ನುತ್ತೇವೆ. ಅಂದು ಮನೆಯ ಕಕ್ಕಸಿನ ಹತ್ತಿರ ಬೇರೆ ಯಾರೂ ಸುಳಿಯುವ ಹಾಗಿಲ್ಲ.

ಮರುವಾರ ಕ್ಲಿನಿಕ್ಕಿನ ನರ್ಸು ಸಿಸ್ಟರ್ ಫೆಲಿಸಿಟಿ ಬಂದಳು. ತಂಡ ಬರುವ ಮುಂಚೆ ಊರೂರು ಸುತ್ತಿ ರಕ್ತ ತೆಗೆದುಕೊಂಡು ಹೋಗುವವಳು ಅವಳೇ. ಕಳೆದ ಸಲ ನನ್ನದು, ನನ್ನ ಇನ್ನೊಬ್ಬ ಅಣ್ಣನ ಮಕ್ಕಳದು, ದೊಡ್ಡಪ್ಪನ ಕಡೆಯವರದು ಎಲ್ಲ ತೆಗೆದುಕೊಂಡಿದ್ದಳು. ಅತ್ತಿಗೆ ಕಾಫಿ ಕೊಟ್ಟಳು. ಸಿಸ್ಟರ್ ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಹೆಸ್ಟರಮ್ಮ, ನಿಮ್ಮ ರಕ್ತದಲ್ಲಿ ಏನೂ ಇಲ್ಲ. ನಿಮ್ಮ ಮನೆಯವರ್ಯಾರ ರಕ್ತದಲ್ಲೂ ಇಲ್ಲ."

"ದೇವರು ದೊಡ್ಡೋನು."

"ಸರಿ. ಆದ್ರೆ ಯಾನಿಗೆ ಎಲ್ಲಿಂದ ಬಂತು? ಇಸಾಕ್‌ಗೆ ಎಲ್ಲಿಂದ ಬಂತು?" ಸಿಸ್ಟರ್ ಈಗ ಅತ್ತಿಗೆಯನ್ನು ನೋಡಿದಳು. "ಡಾಮನ್ ಕಡೆ ಯಾರಿಗೂ ಇಲ್ಲ ಅಂದ್ಮೇಲೆ ಇನ್ನೊಂದು ಕಡೇನೂ ನೋಡ್ಬೇಕಲ್ವಾ ಮಗ್ರೀತಮ್ಮ? ನಿಮ್ಮ ರಕ್ತ ಸ್ವಲ್ಪ ಬೇಕು."

ಅತ್ತಿಗೆ ನಕ್ಕಳು. "ನನಗೆ ಎಪ್ಪತ್ತು ದಾಟಿದೆ ಸಿಸ್ಟರ್. ಹೊಟ್ಟೆನೋವು ಅಂತ ಒಂದು ದಿನ ಮಲಗಿದೋಳಲ್ಲ."

"ಜೀನ್ ಇದ್ದೂ ರೋಗ ಬರದೇ ಇರೋರು ಇದಾರೆ. ಎಲ್ಲರ ಮೈಯೂ ಒಂದೇ ಥರ ಅಲ್ಲ. ತಿನ್ನೋದೂ ಲೆಕ್ಕಕ್ಕೆ ಬರಬಹುದು. ನಿಮ್ಮ ತಂಗಳು ಮುದ್ದೆ ಇದೆಯಲ್ಲ, ಆರಿದ ಮೇಲೆ ಅದರಲ್ಲಿರೋ ಪಿಷ್ಟ ಸ್ವಲ್ಪ ಅರಗದೆ ದೊಡ್ಡ ಕರುಳಿನ ತನಕ ಹೋಗುತ್ತೆ. ಈ ಜೀನ್ ಇರೋರಿಗೆ ಅಂಥ ಪಿಷ್ಟಾನೇ ಪುಡಿ ಮಾಡಿ ಕೊಟ್ಟು ಡಾಕ್ಟರುಗಳು ವರ್ಷಗಟ್ಟಲೆ ನೋಡಿದಾರೆ."

"ಕೇಳಿಸ್ಕೊಂಡ್ಯಾ ಹೆಸ್ಟರ್!" ಅತ್ತಿಗೆ ಸೌಟನ್ನು ಮೇಜಿಗೆ ಕುಟ್ಟಿದಳು. "ನಾನು ಇಷ್ಟು ವರ್ಷ ಹೇಳಿದ್ದು ಅದೇ ತಾನೇ!"

"ಪೂರ್ತಿ ಕೇಳಿ ಅಮ್ಮ. ಬೇರೆ ಕೆಲವು ಕ್ಯಾನ್ಸರ್ ಕಡಿಮೆ ಆಯ್ತು ಅಂತಾರೆ. ಕರುಳಿಂದು ಆಗಲಿಲ್ಲ. ಏನೇ ತಿಂದ್ರೂ ಜೀನ್ ಅಂತೂ ಹೋಗಲ್ಲ. ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಿಮ್ಮಲ್ಲಿದ್ರೆ ನಿಮ್ಮ ತಂಗೀಲೂ ಇರಬಹುದು, ತಂಗಿ ಮಗನಲ್ಲೂ ಇರಬಹುದು. ಅವರು ಒಂದು ಸಲವೂ ಬಂದಿಲ್ಲ. ಬ್ಯೂಕಸ್ ಕಡೆಯವರಿಗೆ ಇದೆಲ್ಲ ಯಾಕೆ ಅಂತ ಬಾಗಿಲು ಹಾಕ್ಕೊಂಡ್ರು."

ಅತ್ತಿಗೆ ಎದ್ದು ಸಿಸ್ಟರ್ ಕೈಯಿಂದ ಕಾಫಿ ಬಟ್ಟಲು ತೆಗೆದುಕೊಂಡಳು. ಅರ್ಧಕ್ಕೂ ಹೆಚ್ಚು ಇತ್ತು. ಹೋಗಿ ತೊಟ್ಟಿಗೆ ಚೆಲ್ಲಿದಳು.

"ಗಾಳಿ ಜೋರಾಗ್ತಾ ಇದೆ ಸಿಸ್ಟರ್. ಬೇಗ ಹೊರಡಿ."

ಸಂಜೆ ಊಟದ ಮೇಜಿನಲ್ಲಿ ಯುದ್ಧ ನಡೆಯಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಬಾಯಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಇಸಾಕನೇ ಶುರು ಮಾಡಿದ.

"ಕೊಟ್ಟುಬಿಡಮ್ಮ. ಒಂದು ಸೂಜಿ ಚುಚ್ಚಿದ್ರೆ ಏನಾಗುತ್ತೆ? ನನಗೆ ಎಲ್ಲೆಲ್ಲಿ ಏನೇನು ಹಾಕ್ತಾರೆ ಗೊತ್ತಾ?"

"ಅತ್ತೆ, ನೀವೊಬ್ರು ಕೊಟ್ರೆ ಆ ಕಡೆಯವರಿಗೆಲ್ಲ ದಾರಿ ಆಗುತ್ತೆ," ಎಂದಳು ರೋಲೀನ್.

"ನನ್ನ ಬಾಯಲ್ಲಿ ಹೇಳಿಸ್ಬೇಕಾ ನಿಮಗೆ?" ಅತ್ತಿಗೆಯ ಧ್ವನಿ ಒಡೆಯಿತು. "ಯಾನೀನ ನಾನೇ ಕೊಂದೆ ಅಂತ ಹೇಳಿಸ್ಬೇಕಾ? ಹೆತ್ತು, ಹಾಲು ಕೊಟ್ಟು, ಆಮೇಲೆ ನಾನೇ ಕೊಂದೆ ಅಂತ?"

ಅವಳು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಇಸಾಕನ ತಟ್ಟೆಯಲ್ಲಿ ಇನ್ನೂ ಊಟ ಇತ್ತು.

ಅದಾದ ಮೇಲೆ ಅವಳು ಕೂತಲ್ಲಿ ಕೂರಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ತೊಳೆದ ಪಾತ್ರೆ ತೊಳೆದಳು. ದೊಡ್ಡ ಪಾತ್ರೆಯಲ್ಲಿ ಮುದ್ದೆ ಕೂಡಿಸಿ, ಆರಿಸಿ, ಇಸಾಕ್ ಕೆಲಸದಿಂದ ಬಂದ ಕೂಡಲೇ ಮುಂದೆ ಇಡುವಳು. ಅವನು ತಿನ್ನುವ ತನಕ ಎದುರಿಗೇ ನಿಲ್ಲುವಳು. ನನ್ನ ಕೊಬ್ಬಿನ ಬಾಣಲೆಯನ್ನು ಹೊರಗೆ ಕೋಳಿಗೂಡಿನ ಮೇಲೆ ಇಟ್ಟಿದ್ದಳು. ನನಗೂ ಸಮಾಧಾನ ಇರಲಿಲ್ಲ. ಸತ್ಯ ಹೇಳುತ್ತೇನೆ, ಅವಳ ರಕ್ತದಲ್ಲಿ ಅದು ಇರಲಿ ಎಂದು ನಾನು ಆಸೆಪಟ್ಟೆ. ಅಣ್ಣನ ಹೆಸರು ತೊಳೆದು ಹೋಗಲಿ ಎಂದು.

ಒಂದು ಶನಿವಾರ ಅವಳ ತಂಗಿ ಸಾನಾಳ ಮಗ ಫ್ರಿಕ್ಕಿ ಮೇಕೆ ಹಾಲು ತಂದ. ಅವನು ಊರಾಚೆ ದೊಡ್ಡಿಯಲ್ಲಿ ಮೇಕೆಗಳ ಜೊತೆ ಇರುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಅಡುಗೆಮನೆಯ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತ.

"ಯಾಕೋ ಹಾಗೆ ಕೂತಿದೀಯ?" ಎಂದೆ.

"ಮೂಲವ್ಯಾಧಿ ಕಣತ್ತೆ. ಮೂರು ಹೊತ್ತೂ ಬಂಡೆ ಮೇಲೆ ಕೂತ್ರೆ ಇನ್ನೇನಾಗುತ್ತೆ? ಸ್ವಲ್ಪ ರಕ್ತ ಹೋಗುತ್ತೆ ಅಷ್ಟೆ. ಅಂಗಡೀಲಿ ಮುಲಾಮು ತಗೊಂಡಿದೀನಿ."

"ಮದುವೆ ಆಗು. ಕೂರೋಕೆ ಮೆತ್ತೆ ಹೊಲಿದು ಕೊಡ್ತಾಳೆ."

ಅವನು ನಗುತ್ತಾ ಎದ್ದ, ಪ್ಯಾಂಟು ಎಳೆದುಕೊಂಡ. ಅತ್ತಿಗೆ ಹಾಲಿನ ಕ್ಯಾನು ಹಿಡಿದು ನಿಂತಲ್ಲೇ ನಿಂತಳು. ಅವಳು ನೋಡುತ್ತಿದ್ದದ್ದು ಅವನ ಬೆಲ್ಟನ್ನು. ಅದರಲ್ಲಿ ಮೊಳೆಯಿಂದ ಚುಚ್ಚಿದ ಹೊಸ ತೂತುಗಳಿದ್ದವು, ಮಿಕ್ಕ ಪಟ್ಟಿ ತೊಡೆಯ ತನಕ ಜೋತಾಡುತ್ತಿತ್ತು. ಯಾನಿಯೂ ಹೀಗೇ ಬೆಲ್ಟು ಬಿಗಿದುಕೊಳ್ಳುತ್ತಾ ಬಂದಿದ್ದ.

ಸೋಮವಾರ ಬೆಳಿಗ್ಗೆ ಅವಳು ಚರ್ಚಿನ ಕರಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ?" ಎಂದೆ.

"ಸಿಸ್ಟರ್ ಹತ್ರ. ಬರೋದಾದ್ರೆ ಬಾ. ಬಾಯಿ ಮಾತ್ರ ಇಲ್ಲೇ ಬಿಟ್ಟು ಬಾ."

ಕ್ಲಿನಿಕ್ಕಿನಲ್ಲಿ ತೋಳು ಚಾಚಿದಳು. ಸೂಜಿ ಹೋದಾಗ ಗೋಡೆ ನೋಡುತ್ತಾ, ಫ್ರಿಕ್ಕಿಯ ವಿಷಯ ಹೇಳಿದಳು. ಸಿಸ್ಟರ್ ಅದೇ ದಿನ ಸಾನಾಳ ಮನೆಗೆ ಹೋದಳು, ಬಾಗಿಲಲ್ಲೇ ಬೈಸಿಕೊಂಡು ವಾಪಸ್ಸಾದಳು.

ವಾರಗಳು ಹೋದವು. ಅತ್ತಿಗೆ ತಂಗಿಯ ಮನೆಯ ದಾರಿ ಹಿಡಿದು ಅರ್ಧಕ್ಕೇ ತಿರುಗಿ ಬರುವುದನ್ನು ನಾನು ಎಷ್ಟೋ ಸಲ ನೋಡಿದೆ. "ರಿಪೋರ್ಟು ಬರಲಿ, ಬರಿಗೈಲಿ ಹೋಗಿ ಏನು ಹೇಳ್ಲಿ," ಎನ್ನುವಳು. ಫ್ರಿಕ್ಕಿ ಹಾಲು ತರುವುದನ್ನು ನಿಲ್ಲಿಸಿದ್ದ. ಬೆನ್ನು ನೋವು, ಸುಸ್ತು ಎಂದು ಮನೆಯಲ್ಲೇ ಇದ್ದಾನೆ ಎಂದು ಯಾರೋ ಹೇಳಿದರು.

ಕೊನೆಗೆ ಸಿಸ್ಟರ್ ಬಂದದ್ದು ಇಸಾಕನ ತೊಳೆಯೋ ದಿನವೇ, ಬೆಳಿಗ್ಗೆ. ಔಷಧಿ ಪೊಟ್ಟಣ ಎರಡು ತಂದಿದ್ದಳು. ಒಂದನ್ನು ಇಸಾಕನಿಗೆ ಕೊಟ್ಟಳು, ಇನ್ನೊಂದನ್ನು ಮೇಜಿನ ಮೇಲಿಟ್ಟು ಅತ್ತಿಗೆಯ ಪಕ್ಕ ಕೂತಳು.

"ಇದು ನಿಮಗೆ. ನಿಮ್ಮಲ್ಲಿದೆ ಮಗ್ರೀತಮ್ಮ. ನಾಳೆ ನಿಮಗೂ ಪೈಪು ಹಾಕಿ ನೋಡ್ಬೇಕು. ಪಟ್ಟೀಲಿ ಒಂದೇ ಜಾಗ ಉಳಿದಿತ್ತು, ನಿಮಗೆ ಅಂತ ಹಿಡಿದಿಟ್ಟಿದೀನಿ."

ಅತ್ತಿಗೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅವು ಒದ್ದೆಯಾಗಿರಲಿಲ್ಲ.

ಇಷ್ಟು ವರ್ಷ ನುಂಗಿದ್ದು ನನ್ನ ಗಂಟಲಿಗೆ ಬಂತು. "ಈಗ ಏನಂತೀಯ ಅತ್ತಿಗೆ? ನನ್ನ ಅಣ್ಣನ ಹೆಸರು ಊರ ತುಂಬ ಎಳೆದಾಡಿದ್ಯಲ್ಲ. ಗುಂಡಿ ಪಕ್ಕ ನಿಂತು ನನಗೆ ಅಂದ್ಯಲ್ಲ. ಈಗ ಹೇಳು, ಯಾರ ಕರುಳು?"

"ಅತ್ತೆ, ಸಾಕು ಬಿಡಿ!" ಎಂದ ಇಸಾಕ್.

"ಬೇಡ, ಅವಳಿಗೆ ಹೇಳೋಕೆ ಬಿಡು." ಅತ್ತಿಗೆ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. "ಹೇಳು ಹೆಸ್ಟರ್. ಇರೋದೆಲ್ಲ ಹೇಳು, ಏನೂ ಉಳಿಸ್ಬೇಡ. ಆದ್ರೆ ಬೇಗ ಮುಗಿಸು. ನನ್ನ ಜೊತೆ ಸಾನಾ ಮನೆಗೆ ಬರಬೇಕು ನೀನು."

ಅಷ್ಟು ವರ್ಷ ಕಾದದ್ದು ಇಷ್ಟೇ ಇಷ್ಟಾಗಿತ್ತು, ಹೇಳಿದ ಮೇಲೆ ನಾಚಿಕೆಯೂ ಆಯಿತು.

"ಸಿಸ್ಟರ್, ನನ್ನ ಜಾಗಕ್ಕೆ ಫ್ರಿಕ್ಕಿ ಬರಬಹುದಾ?" ಎಂದಳು ಅತ್ತಿಗೆ.

ಸಿಸ್ಟರ್ ಚೀಲದಿಂದ ಹೆಸರಿನ ಪಟ್ಟಿ ತೆಗೆದು ನೋಡಿದಳು. "ಹೊರಗಿನ ಡಾಕ್ಟರ ಹತ್ರ ಚೀಟಿ ಬರೆಸಿದ್ರೆ ಅವನು ತಿಂಗಳುಗಟ್ಟಲೆ ಕಾಯ್ಬೇಕಾಗುತ್ತೆ. ರಕ್ತ ಹೋಗ್ತಿರೋನು ಮೊದಲು, ಅದು ಸರಿ. ಆದ್ರೆ ನಿಮಗೆ ಇನ್ನು ಮುಂದಿನ ವರ್ಷವೇ. ಈ ವರ್ಷದಲ್ಲಿ ಏನಾದ್ರೂ ಆದ್ರೆ?"

"ಮಧ್ಯಾಹ್ನದಿಂದ ಕುಡಿಯೋಕೆ ಶುರು ಮಾಡ್ಬೇಕಲ್ವಾ?" ಅತ್ತಿಗೆ ಆಗಲೇ ಪೊಟ್ಟಣ ಎತ್ತಿಕೊಂಡಿದ್ದಳು. "ಅವನು ಊಟ ಮಾಡಿಬಿಟ್ರೆ ಕೆಟ್ಟಿತು. ನಡಿ ಹೆಸ್ಟರ್."

ನಾವು ಓಡಿದೆವು ಎಂದರೂ ತಪ್ಪಿಲ್ಲ. ಗಾಳಿ ಎದುರಿಗಿತ್ತು, ಅವಳು ಟೋಪಿಯನ್ನು ಒಂದು ಕೈಯಲ್ಲಿ, ಪೊಟ್ಟಣವನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ನಾವು ಹೋದಾಗ ಸಾನಾ ಮಗನ ಮುಂದೆ ಕುರಿಮಾಂಸದ ಸಾರು ಇಡುತ್ತಿದ್ದಳು. ಫ್ರಿಕ್ಕಿ ಚಮಚ ಎತ್ತಿದ್ದ. ಅತ್ತಿಗೆ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ನೇರ ಹೋಗಿ ಅವನ ಮುಂದಿನ ತಟ್ಟೆ ಎಳೆದುಕೊಂಡಳು.

"ತಿನ್ಬೇಡ!"

"ಅಕ್ಕಾ! ನಿನಗೇನು ಹುಚ್ಚಾ?"

"ಸಾನಾ, ಇವನಿಗೆ ನಾಳೆ ಪೈಪು ಹಾಕಿಸ್ಬೇಕು. ಇವತ್ತು ಏನೂ ತಿನ್ನೋ ಹಾಗಿಲ್ಲ."

"ಓ, ಆ ಸಿಸ್ಟರನ್ನ ಓಡಿಸಿದೆ ಅಂತ ಈಗ ನೀನು ಬಂದ್ಯಾ? ನಿನ್ನ ಗಂಡನ ಮನೆ ಕೊಳೇನ ನನ್ನ ಮನೆಗೆ ತರಬೇಡ. ನನ್ನ ಮಗಳಿಗೆ ಗಂಡು ನೋಡ್ತಾ ಇದೀವಿ. ನಮ್ಮಲ್ಲಿ ಯಾರಿಗೂ ಡಾಮನ್ ಕರುಳಿಲ್ಲ."

"ಅದು ಡಾಮನ್ ಕರುಳಲ್ಲ. ಅಬ್ರಾಮನದೂ ಅಲ್ಲ, ಇವಳದೂ ಅಲ್ಲ." ಅತ್ತಿಗೆ ನನ್ನ ತೋಳು ಹಿಡಿದು ಮುಂದೆ ಎಳೆದಳು. "ಇವರ ಮನೇಲಿ ಯಾರಿಗೂ ಇಲ್ಲ. ನನಗಿದೆ. ಯಾನಿಗೆ ನಾನು ಕೊಟ್ಟೆ. ನನಗೆ ನಮ್ಮ ಅಮ್ಮನೋ ಅಪ್ಪನೋ ಕೊಟ್ರು. ನೀನೂ ಅವರ ಹೊಟ್ಟೇಲೇ ಹುಟ್ಟಿದ್ದು ಸಾನಾ."

"ಅಮ್ಮ ಸತ್ತಿದ್ದು ಗರ್ಭಕೋಶದ ಕಾಯಿಲೆಯಿಂದ. ಕರುಳಲ್ಲ!"

"ಈ ಜೀನ್ ಇದ್ರೆ ಕ್ಯಾನ್ಸರ್ ಅಲ್ಲಿಗೂ ಬರುತ್ತಂತೆ," ಎಂದೆ ನಾನು. "ಇಸಾಕನ ಜೊತೆ ಹೋದಾಗ ಸಿಸ್ಟರ್ ಹೇಳಿದ್ದನ್ನ ನಾನೇ ಕೇಳಿದೀನಿ."

"ನೀನು ಬಾಯ್ಮುಚ್ಚು ಹೆಸ್ಟರ್! ನಿನಗೆ ಇವತ್ತು ಹಬ್ಬ ಅಲ್ವಾ?" ಸಾನಾ ತಟ್ಟೆ ವಾಪಸ್ ಕಿತ್ತುಕೊಂಡು ಮಗನ ಮುಂದಿಟ್ಟಳು. ಸಾರು ಮೇಜಿನ ಮೇಲೆ ಚೆಲ್ಲಿತು. "ತಿನ್ನೋ ನೀನು. ಮಾಂಸ ಬಿದ್ರೇ ನಿನಗೆ ಶಕ್ತಿ ಬರೋದು."

ಫ್ರಿಕ್ಕಿ ತಿನ್ನಲಿಲ್ಲ. "ದೊಡ್ಡಮ್ಮ, ಯಾನಿ ಅಣ್ಣನಿಗೂ ಹೀಗೇ ಶುರುವಾಯ್ತಾ?"

"ಹೀಗೇ ಕಣೋ. ನಿನ್ನ ಥರವೇ ನಗ್ತಿದ್ದ. ಬೆಲ್ಟು ಬಿಗಿದುಕೊಂಡು, ತೆಳ್ಳಗಾಗಿದೀನಿ ಅಮ್ಮ, ಈಗ ಕುಣಿಯೋಕೆ ಸಲೀಸು ಅಂತಿದ್ದ. ನಾನು ಅವನಪ್ಪನ ಮನೆ ಶಾಪ ಅಂತ ಬೈಕೊಂಡು ಮುದ್ದೆ ತಿನ್ನಿಸ್ತಾ ಕೂತಿದ್ದೆ. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ಹೊಟ್ಟೆ ತುಂಬ ಹಬ್ಬಿತ್ತು."

ಸಾನಾ ಮಗನ ಬೆಲ್ಟು ನೋಡಿದಳು. ಒಂದೇ ಮನೆಯಲ್ಲಿದ್ದೂ ಅವಳು ಅದನ್ನು ನೋಡಿರಲಿಲ್ಲ ಎಂದು ಅವಳ ಮುಖವೇ ಹೇಳಿತು. ಅವನು ಅಂಗಿ ಎಳೆದು ಮುಚ್ಚಿಕೊಂಡ.

"ಎಷ್ಟು ಜಗ್ಗು ಕುಡೀಬೇಕು?" ಎಂದು ಕೇಳಿದ.

ಸಾನಾ ನಮ್ಮ ಯಾರ ಮುಖವನ್ನೂ ನೋಡದೆ ಸಾರಿನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ನಾಯಿಗೆ ಸುರಿದಳು. ಬಂದವಳು ನೀರು ತುಂಬಿದ ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನಿನಲ್ಲಿ ಎಲ್ಲರೂ ಹೋದೆವು. ಬೇರೆ ಊರಿನವರೂ ಇದ್ದರು, ಖಾಲಿ ಹೊಟ್ಟೆಯವರ ಪೋಲಿ ಮಾತೆಲ್ಲ ನಡೆಯಿತು, ಯಾರ ಮನೆ ಕಕ್ಕಸು ಮೊದಲು ಕೈಕೊಟ್ಟಿತು ಎಂದು. ಇಸಾಕನದು ಬೇಗ ಮುಗಿಯಿತು, ಒಂದು ಸಣ್ಣ ಗಂಟು ಕಿತ್ತುಹಾಕಿದರು. ಫ್ರಿಕ್ಕಿ ಒಳಗೆ ಹೋದವನು ಬರಲೇ ಇಲ್ಲ. ಅತ್ತಿಗೆ ಆ ಕಾರಿಡಾರಿನಲ್ಲಿ ಬೆಂಚಿನಿಂದ ಕಿಟಕಿಗೆ, ಕಿಟಕಿಯಿಂದ ಬೆಂಚಿಗೆ ಓಡಾಡಿದಳು. ಸಾನಾ ಇನ್ನೊಂದು ತುದಿಯಲ್ಲಿ ಓಡಾಡಿದಳು. ನಡುವೆ ಎದುರಾದಾಗ ಇಬ್ಬರೂ ಮುಖ ತಿರುಗಿಸುತ್ತಿದ್ದರು.

ಡಾಕ್ಟರು ಹೊರಗೆ ಬಂದು ಹೇಳಿದರು. ಗೆಡ್ಡೆ ಇದೆ, ದೊಡ್ಡದೇ ಇದೆ, ಇನ್ನೂ ಹಬ್ಬಿದ ಹಾಗೆ ಕಾಣುವುದಿಲ್ಲ, ಕೇಪ್‌ಟೌನಿಗೆ ಕರೆದುಕೊಂಡು ಹೋಗಿ ಇದೇ ವಾರ ಕೊಯ್ಯಬೇಕು. ಮುಂದಿನ ವರ್ಷದ ತನಕ ಬಿಟ್ಟಿದ್ದರೆ ಎಂದು ಶುರು ಮಾಡಿ ನಿಲ್ಲಿಸಿದರು.

ಸಾನಾ ಬೆಂಚಿನ ಮೇಲೆ ಕುಸಿದಳು. "ಸಿಸ್ಟರ್, ನಿಮ್ಮ ಪುಣ್ಯ, ಜಾಗ ಕೊಟ್ರಿ," ಎಂದು ಅಳುತ್ತಾ ಹೇಳಿದಳು.

"ಜಾಗ ನನ್ನದಲ್ಲ," ಎಂದಳು ಸಿಸ್ಟರ್. "ನಿಮ್ಮ ಅಕ್ಕಂದು."

ಸಾನಾ ಅಕ್ಕನ ಕಡೆ ತಿರುಗಿದಳು. "ಹಾಗಾದ್ರೆ ನಿನಗೆ?"

"ಮುಂದಿನ ವರ್ಷ."

"ಅಷ್ಟರಲ್ಲಿ ನಿನಗೇ ಏನಾದ್ರೂ ಆದ್ರೆ?"

"ಆದ್ರೆ ಬೈಯೋಕೆ ಹೆಸ್ಟರ್ ಇದಾಳೆ ಬಿಡು. ಅವಳ ಹತ್ರ ಬೇಕಾದಷ್ಟು ಬಾಕಿ ಇದೆ."

ಸಾನಾ ಎದ್ದು, ಅಂಗಿಯ ತೋಳು ಮೇಲಕ್ಕೆ ಮಡಚಿ, ಸಿಸ್ಟರ್ ಮುಂದೆ ಹೋಗಿ ನಿಂತಳು. ಸಿಸ್ಟರ್, ಮೊದಲು ಕೂತು ಮಾತಾಡೋಣ ಎಂದರೆ, "ಮಾತಾಡ್ತಾ ಮಾತಾಡ್ತಾ ರಕ್ತ ತೆಗೀರಿ, ನನ್ನ ಮಗಳನ್ನೂ ನಾಳೆ ಕರ್ಕೊಂಡು ಬರ್ತೀನಿ," ಎಂದಳು.

ಫ್ರಿಕ್ಕಿ ಈಗ ವಾಪಸ್ ಬಂದಿದ್ದಾನೆ. ಅರ್ಧ ಕರುಳು ಹೋಗಿದೆ, ನಾಲಿಗೆ ಅಷ್ಟೂ ಉಳಿದಿದೆ. ಊಟದ ಮೇಜಿನಲ್ಲಿ ನಾವು ಇನ್ನೂ ಜಗಳವಾಡುತ್ತೇವೆ. ರೋಲೀನ್ ಕಾಳು ಬೇಯಿಸುತ್ತಾಳೆ, ಇಸಾಕ್ ಮೂಗು ಮುರಿಯುತ್ತಾನೆ.

ಮೂಗು ಮುರಿಯದವಳು ಅತ್ತಿಗೆ ಒಬ್ಬಳೇ. ಅವಳು ಈಚೆಗೆ ಕಡಿಮೆ ತಿನ್ನುತ್ತಿದ್ದಾಳೆ ಎಂದು ನನಗನ್ನಿಸುತ್ತದೆ. ಪಾವಡೆಯ ದಾರ ಹೆಚ್ಚು ಎಳೆದು ಕಟ್ಟುತ್ತಾಳೆ ಎಂದೂ ಅನ್ನಿಸುತ್ತದೆ. ನನ್ನ ಕಣ್ಣಿನ ಭ್ರಮೆಯೋ ಏನೋ, ಕೇಳಿದರೆ ಬೈಯುತ್ತಾಳೆ. ನಿನ್ನೆ ಬೆಳಿಗ್ಗೆ ಕಕ್ಕಸಿಗೆ ಹೋದವಳು ಹೊರಗೆ ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಆರಿಸಿ ಹೋಗಿ ಬಾಗಿಲ ಹತ್ತಿರ ನಿಂತೆ.

"ಅತ್ತಿಗೆ, ಏನ್ಮಾಡ್ತಿದೀಯ ಅಷ್ಟು ಹೊತ್ತು?"

"ಕಕ್ಕಸಲ್ಲಿ ಏನ್ಮಾಡ್ತಾರೆ? ಹಾಡು ಹೇಳ್ತಿದೀನಿ. ಹೋಗೇ ಆಚೆ."

"ರಕ್ತ ಬಂತಾ?"

"ಇಲ್ಲ."

"ನಿಜ ಹೇಳು."

"ಇಲ್ಲ ಅಂದ್ನಲ್ಲ!"

ಯಾನಿಯೂ ಇಲ್ಲ ಅಂದಿದ್ದ. ಫ್ರಿಕ್ಕಿ, ಸ್ವಲ್ಪ ಅಷ್ಟೆ ಎಂದಿದ್ದ. ಈ ಹೆಂಗಸು ಒಂದು ದಿನ ನನ್ನ ಮುಂದೆ ತಲೆ ತಗ್ಗಿಸಲಿ ಎಂದು ನಾನು ಇಷ್ಟು ವರ್ಷ ಕಾದಿದ್ದೆ, ಈಗ ಅವಳು ಸಾಯಬಾರದು ಎಂದು ಬಾಗಿಲಿಗೆ ಕೈ ಒತ್ತಿ ನಿಂತಿದ್ದೆ.

"ನೀರು ಬಿಡಬೇಡ ಅತ್ತಿಗೆ," ಎಂದೆ. "ಬಾಗಿಲು ತೆಗಿ. ನಾನು ನೋಡ್ಬೇಕು."

ಬೈಯುತ್ತಾಳೆ ಎಂದು ಕಾದೆ. ಚಿಲಕ ಸರಿದ ಸದ್ದಾಯಿತು.